ನೀರು ಮುಟ್ಟದ ಅರ್ಧ ಅಡಿ

12 ಮೀಟರ್ ಉದ್ದ, 6 ಮೀಟರ್ ಅಗಲ ಇರೋ ಒಂದು ಈಜುಕೊಳ. ಅದರ ವಿಸ್ತೀರ್ಣ ಎಷ್ಟು?

72 ಚದರ ಮೀಟರ್ ಅಂತ ಇಷ್ಟೊತ್ತಿಗೆ ನಿಮ್ಮ ತಲೇಲಿ ಬಂದಿರುತ್ತೆ. ತಪ್ಪೇನಿಲ್ಲ, ಹೈಸ್ಕೂಲು ಹುಡುಗರೂ ಅದನ್ನೇ ಹೇಳ್ತಾರೆ. ಆದ್ರೆ ಎರಡು ವರ್ಷದ ಹಿಂದೆ ಇದೇ ಅಳತೆಯ ಒಂದು ಕೊಳಕ್ಕೆ ನಾನು ಹಾಕಿಕೊಟ್ಟ ಲೆಕ್ಕದಿಂದ ನಮ್ಮಪ್ಪನಿಗೆ 7,750 ರೂಪಾಯಿ ನಷ್ಟ ಆಯ್ತು. ನಾನು 72 ಅಂತ ಹೇಳಿರಲಿಲ್ಲ. ಅಷ್ಟು ದಡ್ಡಿ ಅಲ್ಲ. ನನ್ನ ಕೂಡೋದು, ಗುಣಿಸೋದು ಎಲ್ಲಾ ಸರಿಯಾಗೇ ಇತ್ತು. ಇವತ್ತಿಗೂ ಆ ಹಾಳೆಯನ್ನ ಯಾವ ಲೆಕ್ಚರರ್ ಮುಂದೆ ಇಟ್ರೂ ಫುಲ್ ಮಾರ್ಕ್ಸ್ ಕೊಡ್ತಾರೆ.

ಸಂಚಿಕೆಗೆ ಏನಾದ್ರೂ ಬರ್ಕೊಡು ಅಂತ ಕನ್ನಡ ಸಂಘದವರು ಒಂದು ತಿಂಗಳಿಂದ ಹಿಂದೆ ಬಿದ್ದಿದಾರೆ. ನನಗೆ ಕವನ ಬರಲ್ಲ. ಹಾಗಾಗಿ ಆ ಲೆಕ್ಕವನ್ನೇ ಬರೀತಿದೀನಿ.

ನಮ್ಮಪ್ಪ ಟೈಲ್ಸ್ ಮೇಸ್ತ್ರಿ. ನಮ್ಮೂರು ಇರೋದು ಹಾಸನದಿಂದ ಸಕಲೇಶಪುರಕ್ಕೆ ಹೋಗೋ ಕಡೆ. ಅಪ್ಪ ಮೊದಲು ಗಾರೆ ಕೆಲಸಕ್ಕೆ ಹೋಗ್ತಿದ್ದವರು, ಆಮೇಲೆ ಮೊಸಾಯಿಕ್ ನೆಲಕ್ಕೆ ಪಾಲಿಶ್ ಹಾಕೋದು, ಆಮೇಲೆ ಗ್ರಾನೈಟು, ಈಗ ಟೈಲ್ಸು. ಜೊತೆಗೆ ಇಬ್ಬರು ಆಳು. ಮನೆ, ಅಂಗಡಿ, ಬಚ್ಚಲುಮನೆ ಎಲ್ಲಾ ಮಾಡ್ತಾರೆ. ಇತ್ತೀಚೆಗೆ ಆ ಕಡೆ ಕಾಫಿ ತೋಟಗಳಲ್ಲಿ ಹೋಂ ಸ್ಟೇಗಳು ಜಾಸ್ತಿ ಆದವಲ್ಲ, ಅದರ ಜೊತೆ ಈಜುಕೊಳದ ಕೆಲಸಾನೂ ಬರೋಕೆ ಶುರುವಾಯ್ತು.

ಅಪ್ಪನ ರೇಟಿನ ಪದ್ಧತಿ ಸರಳ. ಕೆಲಸ ಮುಗಿದ ಮೇಲೆ ಟೇಪ್ ಹಿಡಿದು ಅಳೆಯೋದು, ಚದರಡಿಗೆ ಇಷ್ಟು ಅಂತ ದುಡ್ಡು ತಗೊಳ್ಳೋದು. ಅಳೆಯುವಾಗ ಓನರ್ ಒಂದು ತುದಿ ಹಿಡೀಬೇಕು, ಅಪ್ಪ ಒಂದು ತುದಿ. ಇಬ್ಬರ ಕಣ್ಣೆದುರೇ ಅಳತೆ ಆಗೋದ್ರಿಂದ ಜಗಳಕ್ಕೆ ಜಾಗ ಇರಲ್ಲ.

ಆದ್ರೆ ಈ ಕೊಳದ ಕಂಟ್ರಾಕ್ಟರ್ ಹಾಗೆ ಒಪ್ಪಲಿಲ್ಲ. "ಒಟ್ಟು ಎಷ್ಟು ಅಂತ ಸಂಜೆಯೊಳಗೆ ಹೇಳಿ ಮೇಸ್ತ್ರಿ, ಓನರ್‌ಗೆ ನಾನು ಕೊಟೇಶನ್ ಕೊಡಬೇಕು" ಅಂತ ವಾಟ್ಸಾಪಿಗೆ ಡ್ರಾಯಿಂಗ್ ಕಳಿಸಿದ್ರು. ಸಾಮಾನು ಓನರ್‌ದು, ಕೂಲಿ ಮಾತ್ರ ಅಪ್ಪಂದು. ಡ್ರಾಯಿಂಗ್ ಪೂರ್ತಿ ಮೀಟರಲ್ಲಿ ಇತ್ತು. ಅಪ್ಪ ಅಡಿ ಇಂಚಿನ ಮನುಷ್ಯ. ನಾನು ಮೂರನೇ ಸೆಮಿಸ್ಟರ್ ಮುಗಿಸಿ ರಜಕ್ಕೆ ಮನೇಲಿದ್ದೆ.

"ಏನವ್ವ, ಇದೊಂಚೂರು ನೋಡು. ನೀನು ಓದ್ತಿರೋದೂ ಇದೇ ಅಲ್ವಾ?"

ಇದೇ ಮೊದಲು. ಅಲ್ಲೀತನಕ ಅಪ್ಪ ನನ್ನ ಓದಿನ ಬಗ್ಗೆ ಕೇಳ್ತಿದ್ದದ್ದು ಎರಡೇ ಪ್ರಶ್ನೆ: ಊಟ ಆಯ್ತಾ, ಫೀಸ್ ಯಾವಾಗ ಕಟ್ಟಬೇಕು. ಅವತ್ತು ನಾನು ಲ್ಯಾಬ್ ರೆಕಾರ್ಡಿನ ಉಳಿದ ಹಾಳೆ ಹರಿದು, ಸ್ಕೇಲಿಟ್ಟು ಚೌಕ ಹಾಕಿ, ಪರೀಕ್ಷೆಗಿಂತ ನೀಟಾಗಿ ಬರೆದೆ.

ಡ್ರಾಯಿಂಗಿನಲ್ಲಿ ನೀರಿನ ಆಳ ಒಂದು ತುದೀಲಿ 1 ಮೀಟರ್, ಇನ್ನೊಂದು ತುದೀಲಿ 1.8 ಮೀಟರ್. ಮಧ್ಯೆ ಒಂದೇ ಸಮನಾದ ಇಳಿಜಾರು. ಟೈಲು ಬೀಳೋದು ನೆಲಕ್ಕೆ ಮತ್ತು ನಾಲ್ಕು ಗೋಡೆಗೆ. ಉದ್ದದ ಎರಡು ಗೋಡೆ ಆಯತ ಅಲ್ಲ, ತ್ರಾಪಿಜ್ಯ. ಸರಾಸರಿ ಆಳ 1.4, ಹಾಗಾಗಿ 2 × 12 × 1.4 = 33.6. ಅಗಲದ ಎರಡು ಗೋಡೆ: 6 × 1 ಮತ್ತು 6 × 1.8, ಸೇರಿ 16.8. ಗೋಡೆಗಳೆಲ್ಲ ಒಟ್ಟು 50.4 ಚದರ ಮೀಟರ್.

ಇನ್ನು ನೆಲ. ಇಲ್ಲಿ ನನಗೆ ಜಂಬ ಬಂತು. ಸಾಮಾನ್ಯದವರು 12 × 6 ಅಂತ 72 ಬರೆದುಬಿಡ್ತಾರೆ. ಆದ್ರೆ ನೆಲ ಇಳಿಜಾರು ಇದೆಯಲ್ಲ, ಟೈಲು ಹಾಕೋ ಉದ್ದ 12 ಅಲ್ಲ, ಕರ್ಣದ ಉದ್ದ. 12ರ ವರ್ಗ 144, 0.8ರ ವರ್ಗ 0.64, ಕೂಡಿಸಿ ವರ್ಗಮೂಲ ತೆಗೆದ್ರೆ 12.027. ಆರರಿಂದ ಗುಣಿಸಿದ್ರೆ 72.16. "ನೋಡಪ್ಪ, ಇದು ಪೈಥಾಗೊರಸ್. ಇದನ್ನ ಬಿಟ್ಟಿದ್ರೆ ಲಾಸ್ ಆಗ್ತಿತ್ತು" ಅಂತ ಅಪ್ಪನಿಗೆ ಪಾಠ ಮಾಡಿದೆ.

ಎಷ್ಟು ಲಾಸ್ ಆಗ್ತಿತ್ತು? 0.16 ಚದರ ಮೀಟರ್. ಒಂದು ಚದರ ಮೀಟರ್ ಅಂದ್ರೆ 10.764 ಚದರಡಿ, ಅಂದ್ರೆ ನಾನು ಉಳಿಸಿದ್ದು ಎರಡು ಚದರಡಿಗೂ ಕಮ್ಮಿ. ಅದನ್ನ ಅಪ್ಪನಿಗೆ ಹೇಳಲಿಲ್ಲ. ನನಗೇ ಆಗ ಹೊಳೀಲಿಲ್ಲ ಅನ್ನೋದು ನಿಜ.

ಆಮೇಲೆ ಸರ್ವೇಯಿಂಗ್ ಕ್ಲಾಸಲ್ಲಿ ಇದು ಅರ್ಥ ಆಯ್ತು. ಜಮೀನಿನ ವಿಸ್ತೀರ್ಣವನ್ನ ಅಳೆಯೋದು ಮಟ್ಟದ ಲೆಕ್ಕದಲ್ಲಿ, ಇಳಿಜಾರಿನ ಮೇಲೆ ಅಲ್ಲ. 30 ಡಿಗ್ರಿ ಇಳಿಜಾರಿನ ಗುಡ್ಡದಲ್ಲಿ ಒಂದು ಎಕರೆ ಅಂತ ಪತ್ರದಲ್ಲಿದ್ರೆ, ಕಾಲಿಗೆ ಸಿಗೋ ಮಣ್ಣು ಅದಕ್ಕಿಂತ ಶೇಕಡ 15ರಷ್ಟು ಜಾಸ್ತಿ ಇರುತ್ತೆ. ಆ ಹೋಂ ಸ್ಟೇ ಇದ್ದ ಗುಡ್ಡದಲ್ಲಿ ಪೈಥಾಗೊರಸ್‌ಗೆ ಬೆಲೆ ಇತ್ತು. ನಮ್ಮ ಕೊಳದ ತಳ 15 ಮೀಟರಿಗೆ 1 ಮೀಟರ್ ಇಳಿಯೋ ಜಾರು, 4 ಡಿಗ್ರಿ ಕೂಡ ಇಲ್ಲ. ಅಲ್ಲಿ ಅದು ಶೇಕಡ ಕಾಲು ಭಾಗದಷ್ಟೂ ಹೆಚ್ಚು ಕೊಡಲ್ಲ.

ಡ್ರಾಯಿಂಗಿನಲ್ಲಿ ಆಳ ಕಮ್ಮಿ ಇರೋ ಕಡೆ, ಪೂರ್ತಿ ಅಗಲಕ್ಕೆ ನಾಲ್ಕು ಮೆಟ್ಟಿಲು ತೋರಿಸಿದ್ರು. ಒಂದೊಂದೂ 30 ಸೆಂಟಿಮೀಟರ್ ಅಗಲ. ಅಪ್ಪ ಅದರ ಮೇಲೆ ಬೆರಳಿಟ್ಟು, "ಮೆಟ್ಟಿಲಿಗೆ ಬೇರೆ ಹಾಕ್ಬೇಕಲ್ವಾ?" ಅಂದ್ರು.

"ಬೇಡಪ್ಪ. ಮೆಟ್ಟಿಲು ಲೆಕ್ಕಕ್ಕೇ ಬರಲ್ಲ" ಅಂದೆ. ಅಂದು ಸುಮ್ಮನಿರದೆ ಚಿತ್ರ ಬರೆದು ತೋರಿಸಿದೆ. ಮೆಟ್ಟಿಲಿನ ಮೇಲ್ಭಾಗಗಳನ್ನೆಲ್ಲ ಕೂಡಿಸಿದ್ರೆ ಅದರ ಅಡಿ ಮುಚ್ಚಿಹೋಗೋ ನೆಲದಷ್ಟೇ ಆಗುತ್ತೆ. ಮುಂಭಾಗದ ಎತ್ತರಗಳನ್ನೆಲ್ಲ ಕೂಡಿಸಿದ್ರೆ ಹಿಂದೆ ಮುಚ್ಚಿಹೋಗೋ ಗೋಡೆಯಷ್ಟೇ ಆಗುತ್ತೆ. ನಾಲ್ಕು ಮೆಟ್ಟಿಲಾದ್ರೂ ಅಷ್ಟೇ, ನಲವತ್ತಾದ್ರೂ ಅಷ್ಟೇ. ಪಕ್ಕದ ಗೋಡೆಗಳು ಮೆಟ್ಟಿಲ ಹಿಂದೆ ಸ್ವಲ್ಪ ಮುಚ್ಚಿಹೋಗೋದ್ರಿಂದ ನಿಜ ಹೇಳ್ಬೇಕಂದ್ರೆ ಒಟ್ಟು ವಿಸ್ತೀರ್ಣ ಕಮ್ಮಿನೇ ಆಗುತ್ತೆ.

ಅಪ್ಪ ಆ ಚಿತ್ರವನ್ನ ಒಂದು ನಿಮಿಷ ನೋಡಿದ್ರು. "ಹೌದಾ?" ಅಂದ್ರು. ಅಷ್ಟೇ.

ಈ ಮೆಟ್ಟಿಲಿನ ಲೆಕ್ಕ ನಿಜಕ್ಕೂ ಚಂದದ್ದು. ಹಾಸ್ಟೆಲಲ್ಲಿ ಒಂದಿನ ಇದರ ಮೇಲೆ ರಾತ್ರಿ ಒಂದು ಗಂಟೆ ತನಕ ಜಗಳ ಆಡಿದೀವಿ. ನಮ್ಮ ಕೊಳದ ಇಳಿಜಾರನ್ನೇ ತಗೊಳ್ಳಿ. ಅದರ ಉದ್ದ 12.03 ಮೀಟರ್. ಅದೇ ಇಳಿಜಾರಿನ ಬದಲು ಮೆಟ್ಟಿಲು ಮಾಡಿದ್ರೆ ಅಡ್ಡ 12, ಕೆಳಕ್ಕೆ 0.8, ಒಟ್ಟು 12.8. ಮೆಟ್ಟಿಲನ್ನ ಸಾಸಿವೆಕಾಳಿನಷ್ಟು ಸಣ್ಣ ಮಾಡಿ, ಕಣ್ಣಿಗೆ ಇಳಿಜಾರಿನ ಥರಾನೇ ಕಾಣುತ್ತೆ, ಆದ್ರೂ 12.8 ಅನ್ನೋದು ಒಂದು ಕೂದಲೆಳೆಯಷ್ಟೂ ಇಳಿಯಲ್ಲ. ಹಂಪೀಲಿ ಮಹಾನವಮಿ ದಿಬ್ಬದ ಹತ್ತಿರ ಮೆಟ್ಟಿಲು ಮೆಟ್ಟಿಲಾಗಿ ಇಳಿಯೋ ಪುಷ್ಕರಣಿ ಇದೆಯಲ್ಲ, ಅದನ್ನ ನೇರ ಮೇಲಿಂದ ನೋಡೋ ಹಾಗಿದ್ರೆ ಕಲ್ಲಿನ ಮೇಲ್ಭಾಗಗಳೂ ತಳವೂ ಎಲ್ಲಾ ಸೇರಿ ಕೊಳದ ಬಾಯಿಯಷ್ಟೇ ಆಗುತ್ತೆ. ಅಲ್ಲಿನ ಕಲ್ಲುಗಳ ಮೇಲೆ ಯಾವ ಕಲ್ಲು ಎಲ್ಲಿ ಕೂರಬೇಕು ಅಂತ ಗುರುತು ಕೆತ್ತಿದಾರೆ. ಆ ಗುರುತು ನೋಡಿದಾಗ ನನಗೆ ಮೊದಲು ಅನ್ನಿಸಿದ್ದು, ಇವರು ಮೆಟ್ಟಿಲು ಲೆಕ್ಕಕ್ಕೆ ಬರಲ್ಲ ಅಂದಿರಲಿಕ್ಕಿಲ್ಲ ಅಂತ. ಆದ್ರೆ ಅದು ಆಮೇಲಿನ ಮಾತು.

ಅವತ್ತು ನನ್ನ ಉತ್ತರ: ನೆಲ 72.16, ಗೋಡೆ 50.4, ಒಟ್ಟು 122.56 ಚದರ ಮೀಟರ್. ಅಡಿಗೆ ತಿರುಗಿಸಿದ್ರೆ 1,319. ಅಪ್ಪನ ರೇಟು ಚದರಡಿಗೆ 70. ಸುಮಾರು 92,000. ಅಪ್ಪ ಫೋನ್ ಮಾಡಿ, ಜೋರಾಗಿ, ನನಗೂ ಕೇಳೋ ಹಾಗೆ, "ತೊಂಬತ್ತೆರಡು ಸಾವಿರ ಸಾ" ಅಂದ್ರು. ಮಾತು ಮುಗೀತು.

ಕೆಲಸ ಶುರುವಾಗಿ ಹತ್ತು ದಿನಕ್ಕೆ ನಾನೂ ಒಂದಿನ ನೋಡೋಣ ಅಂತ ಹೋದೆ. ಖಾಲಿ ಈಜುಕೊಳದೊಳಗೆ ನಿಂತರೆ ಒಂಥರಾ ಅನ್ಸುತ್ತೆ. ಮಾತಾಡಿದ್ರೆ ಗುಂಯ್ ಅನ್ನುತ್ತೆ. ಮೊದಲೇ ಒಂದು ವಾರ ನೀರು ತುಂಬಿಸಿ, ಎಲ್ಲಾದ್ರೂ ಸೋರುತ್ತಾ ಅಂತ ನೋಡಿ, ಖಾಲಿ ಮಾಡಿ, ಆಮೇಲೆ ಟೈಲಿಗೆ ಬಿಟ್ಟಿದ್ರು. ಬಲೆಯ ಮೇಲೆ ಅಂಟಿಸಿದ ನೀಲಿ ಚೂರುಗಳ ಹಾಳೆ, ಒಂದೊಂದು ಹಾಳೆ ಸುಮಾರು ಒಂದಡಿ ಚೌಕ. ಅಪ್ಪ ಗಮ್ ಬಳಿದು, ಹಾಳೆ ಒತ್ತಿ, ಮರದ ಹಲಗೆಯಿಂದ ತಟ್ಟಿ, ರಸಮಟ್ಟ ಇಟ್ಟು ನೋಡಿ ಮುಂದಕ್ಕೆ ಹೋಗ್ತಿದ್ರು.

ಗೋಡೆ ಸುತ್ತ ಒಂದು ನೀಲಿ ದಾರದ ಗೆರೆ ಹೊಡೆದಿತ್ತು. ನೀರಿನ ಮಟ್ಟದ ಗೆರೆ. ಅಪ್ಪ ಅದರ ಮೇಲಕ್ಕೂ ಟೈಲು ಹಾಕ್ತಿದ್ರು.

"ಅಪ್ಪ, ನೀರು ಈ ಗೆರೆ ತನಕ ತಾನೆ?"

"ಹೂಂ. ನೀರು ಇಲ್ಲೀಗಂಟ."

"ಮತ್ತೆ?"

"ಟೈಲು ಅಲ್ಲೀಗಂಟ." ಕೈಯಲ್ಲಿದ್ದ ಕರಣೆಯಿಂದ ಮೇಲಿನ ಅಂಚಿನ ಕಲ್ಲು ತೋರಿಸಿದ್ರು. ಗೆರೆಗೂ ಕಲ್ಲಿಗೂ ಮಧ್ಯೆ ಅರ್ಧ ಅಡಿ.

ನಾನು ಅಳೆದೆ. 15 ಸೆಂಟಿಮೀಟರ್. ಕೊಳದ ಸುತ್ತಳತೆ 36 ಮೀಟರ್. 36 × 0.15 = 5.4 ಚದರ ಮೀಟರ್. 58 ಚದರಡಿ. ನಾನು ಪೈಥಾಗೊರಸ್ ಕರೆಸಿ ಉಳಿಸಿದ್ದು ಎರಡು ಅಡಿಗೂ ಕಮ್ಮಿ, ಒಂದು ಪ್ರಶ್ನೆ ಕೇಳದೆ ಬಿಟ್ಟಿದ್ದು 58 ಅಡಿ.

ಇದಕ್ಕೆ ಫ್ರೀಬೋರ್ಡ್ ಅಂತಾರೆ ಅಂತ ನಿಮಗೆ ಗೊತ್ತೇ ಇದೆ. ಕಾಲುವೆಗೂ ಇರುತ್ತೆ, ಅಣೆಕಟ್ಟಿಗೂ ಇರುತ್ತೆ. ಕೊಳದಲ್ಲಿ ಯಾಕೆ ಅಂದ್ರೆ, ನೀರಿನ ಮೇಲೆ ತೇಲೋ ಎಲೆ ಕಸ ಎಳ್ಕೊಳ್ಳೋ ಸ್ಕಿಮ್ಮರಿನ ಬಾಯಿ ಗೋಡೆಯೊಳಗೆ ಇರುತ್ತೆ, ನೀರು ಅದರ ಬಾಯಿಯ ಮಧ್ಯಕ್ಕೆ ನಿಲ್ಲಬೇಕು. ಜೊತೆಗೆ ಅಲೆ. ಜನ ಇಳಿದ್ರೆ ನೀರು ಏರುತ್ತಲ್ಲ, ಅದಕ್ಕೆ ಅಂತ ನಾನು ಅಂದ್ಕೊಂಡಿದ್ದೆ. ಲೆಕ್ಕ ಹಾಕಿದ್ರೆ ಹಾಗಲ್ಲ. 60 ಕೆಜಿ ತೂಕದ ಹತ್ತು ಜನ ಪೂರ್ತಿ ಮುಳುಗಿದ್ರೂ ಜರುಗೋದು ಸುಮಾರು 600 ಲೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ನೀರು ಅಂದ್ರೆ ಸರಿಯಾಗಿ ಒಂದು ಲೀಟರ್. 600ನ್ನ 72ರಿಂದ ಭಾಗಿಸಿ, 8 ಮಿಲಿಮೀಟರ್ ಚಿಲ್ಲರೆ. ಒಂದು ಬೆರಳಿನ ದಪ್ಪ ಕೂಡ ಇಲ್ಲ. ಅರ್ಧ ಅಡಿ ಬೇಕಾಗಿರೋದು ಆ ಹತ್ತು ಜನ ಸುಮ್ಮನಿರದೆ ಧುಮುಕೋದಕ್ಕೆ.

ಇಷ್ಟಾದ ಮೇಲೆ ಮೆಟ್ಟಿಲ ಕಡೆ ನೋಡಿದೆ. ಇಬ್ಬರೂ ಆಳುಗಳು ಅಲ್ಲೇ ಕೂತಿದ್ರು. ಪ್ರತಿ ಮೆಟ್ಟಿಲ ಅಂಚಿಗೂ ಕಡುನೀಲಿ ಪಟ್ಟಿ, ಕಾಲು ಜಾರದ ಥರದ್ದು, ಒಂದೊಂದೇ ಕತ್ತರಿಸಿ ಕೂರಿಸಬೇಕು. ಒಂದು ಸಾಲು ಓರೆಯಾದ್ರೆ ನೀರೊಳಗೆ ಇನ್ನೂ ಓರೆ ಕಾಣುತ್ತೆ. ಎರಡು ದಿನದಿಂದ ಅಲ್ಲೇ ಇದ್ರು, ಇನ್ನೊಂದು ದಿನ ಬೇಕಿತ್ತು. ಸಾಮಾನ್ಯವಾಗಿ ಅಪ್ಪ ಮೆಟ್ಟಿಲಿಗೆ ಚದರಡಿ ರೇಟಿನ ಜೊತೆಗೆ ಅಂಚಿಗೆ ಅಂತ ರನ್ನಿಂಗ್ ಫೀಟ್ ಲೆಕ್ಕದಲ್ಲಿ 60 ರೂಪಾಯಿ ಬೇರೆ ತಗೋತಾರೆ. ನಾಲ್ಕು ಮೆಟ್ಟಿಲು, ಒಂದೊಂದು 6 ಮೀಟರ್, ಒಟ್ಟು 24 ಮೀಟರ್, 79 ಅಡಿ. 4,740 ರೂಪಾಯಿ.

ಅಲ್ಲೇ ಕೂತು ಲೆಕ್ಕ ಹಾಕಿದೆ. ಫ್ರೀಬೋರ್ಡಿಗೆ 58 ಚದರಡಿ ಸೇರಿಸಬೇಕು, ಮೆಟ್ಟಿಲ ಹಿಂದೆ ಮುಚ್ಚಿಹೋದ ಪಕ್ಕದ ಗೋಡೆಗೆ 15 ಕಳೀಬೇಕು. ಉಳಿದದ್ದು 43, ಎಪ್ಪತ್ತರಂತೆ 3,010. ಎರಡೂ ಸೇರಿ 7,750. ಇಬ್ಬರು ಆಳಿಗೆ ಸುಮಾರು ನಾಲ್ಕು ದಿನದ ಕೂಲಿ. ಆಳುಗಳ ಕೂಲಿ ಅಪ್ಪ ಹೇಗಿದ್ರೂ ಕೊಡಲೇಬೇಕು. ಅಂದ್ರೆ ಅಷ್ಟೂ ಕಮ್ಮಿಯಾಗೋದು ಅಪ್ಪನ ಜೇಬಲ್ಲಿ.

ಊಟದ ಹೊತ್ತಿಗೆ ಅಪ್ಪನಿಗೆ ಹೇಳಿದೆ. ಕಂಟ್ರಾಕ್ಟರ್ ಹತ್ರ ಮಾತಾಡು, ಡ್ರಾಯಿಂಗಿನಲ್ಲಿ ಇಲ್ಲದ್ದು ಇಲ್ಲಿ ಇದೆ ಅಂತ ಹೇಳು ಅಂದೆ.

"ಮಾತು ಆಡಾಗೈತೆ ಕಣವ್ವ" ಅಂದ್ರು. ಅಕ್ಕಿರೊಟ್ಟಿ ಮುರೀತಾ ಇದ್ರು, ತಲೆ ಎತ್ತಲಿಲ್ಲ.

ನನಗೆ ತಡೆಯೋಕಾಗಲಿಲ್ಲ. ಅಪ್ಪನಿಗೆ ಹೇಳದೆ, ಸಂಜೆ ಕಂಟ್ರಾಕ್ಟರ್ ಜೀಪು ಬಂದಾಗ ನಾನೇ ಹೋಗಿ ಹೇಳಿದೆ. ನಮ್ಮ ಲೆಕ್ಕದಲ್ಲಿ ಫ್ರೀಬೋರ್ಡ್ ಇರಲಿಲ್ಲ ಸರ್, ನೀವು ಕಳಿಸಿದ ಡ್ರಾಯಿಂಗಿನಲ್ಲಿ ನೀರಿನ ಆಳ ಮಾತ್ರ ಇತ್ತು ಅಂತ. ಅವರು ಜೋರು ಮಾಡಲಿಲ್ಲ. ಮೊಬೈಲ್ ತೆಗೆದು, ಅದೇ ಪಿಡಿಎಫ್ ತೆರೆದು, ಬೆರಳಲ್ಲಿ ಮೇಲಕ್ಕೆ ತಳ್ಳಿದ್ರು. ಎರಡನೇ ಪುಟ. ಕೊಳವನ್ನ ಉದ್ದಕ್ಕೆ ಸೀಳಿದ ಹಾಗಿನ ಸೆಕ್ಷನ್. ನೀರಿನ ಮಟ್ಟಕ್ಕೆ ಚುಕ್ಕಿ ಗೆರೆ, ಅದರ ಮೇಲೆ ಅಂಚಿನ ಕಲ್ಲು, ಮಧ್ಯೆ ಬಾಣದ ಗುರುತು ಹಾಕಿ 150. ಮೆಟ್ಟಿಲ ಅಂಚಿನ ಪಟ್ಟಿಗೂ ಅಲ್ಲೇ ಒಂದು ಟಿಪ್ಪಣಿ.

ಪಿಡಿಎಫ್‌ನಲ್ಲಿ ಎರಡು ಪುಟ ಇದ್ವು. ನಾನು ಒಂದೇ ನೋಡಿದ್ದೆ.

"ನಿಮ್ಮಪ್ಪ ಅವತ್ತು ಏನಂದ್ರು ಗೊತ್ತಾ? ನನ್ನ ಮಗಳು ಇಂಜಿನಿಯರಿಂಗ್ ಓದ್ತಾವ್ಳೆ ಸಾ, ಅವಳೇ ಹಾಕಿದ ಲೆಕ್ಕ, ಒಂದಿಂಚು ಆಚೀಚೆ ಇಲ್ಲ ಅಂದ್ರು. ಅದಕ್ಕೇ ನಾನೂ ಚೌಕಾಸಿ ಮಾಡಲಿಲ್ಲಮ್ಮ" ಅಂದ್ರು ಕಂಟ್ರಾಕ್ಟರ್. ಅವರ ಮಾತಲ್ಲಿ ವ್ಯಂಗ್ಯ ಇರಲಿಲ್ಲ. ಇದ್ದಿದ್ರೆ ಜಗಳ ಆಡಬಹುದಿತ್ತು.

ರಾತ್ರಿ ಬಸ್ಸಲ್ಲಿ ಅಪ್ಪನ ಪಕ್ಕ ಕೂತಿದ್ದೆ. ಅವರಿಗೆ ಆಗಲೇ ವಿಷಯ ಗೊತ್ತಾಗಿತ್ತು. "ಕೇಳಿದ್ದು ತಪ್ಪಲ್ಲ. ನಂಗೆ ಹೇಳ್ದೆ ಹೋಗಿದ್ದು ತಪ್ಪು" ಅಂದ್ರು. ಸ್ವಲ್ಪ ಹೊತ್ತಾದ ಮೇಲೆ ನಾನೇ ಕೇಳಿದೆ.

"ಅಪ್ಪ, ಆ ಅರ್ಧ ಅಡಿ ಟೈಲು ಬೀಳುತ್ತೆ ಅಂತ ನಿಂಗೆ ಮೊದಲೇ ಗೊತ್ತಿತ್ತು ತಾನೆ?"

"ಗೊತ್ತಿಲ್ದೆ ಏನು. ಇದು ಮೂರನೇ ಕೊಳ."

"ಮತ್ತೆ ಯಾಕೆ ಹೇಳಲಿಲ್ಲ?"

"ನೀನು ಸೇರ್ಸಿರ್ತೀಯ ಅಂದ್ಕಂಡೆ. ಬುಕ್ಕಲ್ಲಿ ಇರಲ್ವಾ ಅದು?"

"ಮೆಟ್ಟಿಲು?"

ಅಪ್ಪ ಕಿಟಕಿ ಕಡೆ ನೋಡ್ತಾ ಸ್ವಲ್ಪ ನಕ್ಕರು. "ಮೆಟ್ಟಿಲಿಗೆ ದುಡ್ಡು ಬತ್ತದೆ ಅಂತ ನಂಗೆ ಅನ್ನಿಸ್ತು. ಆದ್ರೆ ನೀನು ಪೆನ್ನಲ್ಲಿ ಬರ್ದು ತೋರ್ಸ್ದಲ್ಲ."

ಇಲ್ಲಿಗೆ ಬಂದಾಗ ನನಗೆ ಇವತ್ತಿಗೂ ಮುಂದಕ್ಕೆ ಬರೆಯೋಕೆ ಕಷ್ಟ ಆಗುತ್ತೆ. 7,750 ರೂಪಾಯಿ ಹೋಗಿದ್ದು ಹೋಯ್ತು, ಅದನ್ನ ಅಪ್ಪ ಮುಂದಿನ ಕೆಲಸದಲ್ಲಿ ದುಡಿದ್ರು. ಆದ್ರೆ ನನಗಿಂತ ಚೆನ್ನಾಗಿ ಗೊತ್ತಿದ್ದ ಮನುಷ್ಯ, ನಾನು ಬರೆದು ತೋರಿಸಿದೆ ಅನ್ನೋ ಒಂದೇ ಕಾರಣಕ್ಕೆ ಬಾಯಿ ಮುಚ್ಚಿಕೊಂಡ್ರು. ನಾನು ಆ ಹಾಳೆಯನ್ನ ಅವರ ಮುಂದೆ ಇಟ್ಟ ರೀತಿಯಲ್ಲೇ ಏನೋ ಇತ್ತು. "ಇದು ಸರಿನಾ ನೋಡಪ್ಪ" ಅಂತ ಒಂದು ಸಲ ಕೇಳಿದ್ರೆ ಸಾಕಿತ್ತು.

ಮೆಟ್ಟಿಲಿಂದ ವಿಸ್ತೀರ್ಣ ಹೆಚ್ಚಾಗಲ್ಲ ಅನ್ನೋದು ಆಗಲೂ ಸರಿ, ಈಗಲೂ ಸರಿ. ಆದ್ರೆ ಅಪ್ಪ ಕೇಳಿದ್ದು ಮೆಟ್ಟಿಲಿಗೆ ಎಷ್ಟು ದಿನದ ಕೆಲಸ ಅಂತ. ನಾನು ಉತ್ತರ ಕೊಟ್ಟಿದ್ದು ಮೆಟ್ಟಿಲಿಗೆ ಎಷ್ಟು ಚದರ ಮೀಟರ್ ಅಂತ.

ಅವತ್ತಿಂದ ಮನೇಲಿ ಒಂದು ನೋಟ್‌ಬುಕ್ ಇದೆ. ರೇಟ್ ಹೇಳೋಕೆ ಮೊದಲು ಏನೇನು ಕೇಳಬೇಕು ಅಂತ ಇಬ್ಬರೂ ಕೂತು ಬರೆದಿದ್ದು. ಅಪ್ಪ ಹೇಳ್ತಾ ಹೋದ್ರು, ನಾನು ಬರೀತಾ ಹೋದೆ. ಟೈಲು ಎಲ್ಲೀತನಕ? ಮೆಟ್ಟಿಲು ಪೂರ್ತಿ ಅಗಲಕ್ಕಾ, ಒಂದು ಮೂಲೆಗಾ? ಒಂದು ಮೂಲೇಲಿದ್ರೆ ಅದರ ಪಕ್ಕ ಹೊರಗೆ ಕಾಣುತ್ತೆ, ಅದಕ್ಕೂ ಟೈಲು ಬೇಕು. ಮೂಲೆ ಮಟ್ಟ ಇದೆಯಾ? ಇದನ್ನ ನೋಡೋಕೆ ಅಪ್ಪ ಎರಡು ಕರ್ಣಕ್ಕೂ ದಾರ ಹಿಡೀತಾರೆ. 12ಕ್ಕೆ 6ರ ಕೊಳದಲ್ಲಿ ಎರಡೂ 13.42 ಮೀಟರ್ ಬರಬೇಕು, ಒಂದು ಹೆಚ್ಚು ಒಂದು ಕಮ್ಮಿ ಬಂದ್ರೆ ಮೂಲೆ ಓಡಿದೆ ಅಂತ ಅರ್ಥ. ಚೌಕದ ಟೈಲು ಅದನ್ನ ಮುಚ್ಚಿಡಲ್ಲ, ಕೊನೇ ಸಾಲಲ್ಲಿ ತೋರಿಸೇಬಿಡುತ್ತೆ. ನಾನು ಪಾಠ ಮಾಡಿದ್ನಲ್ಲ ಪೈಥಾಗೊರಸ್, ಅದು ಅಪ್ಪನ ಕೈಚೀಲದಲ್ಲಿ ದಾರದ ಉಂಡೆಯಾಗಿ ಮೊದಲಿಂದ ಇತ್ತು.

ಇನ್ನೊಂದು ಪ್ರಶ್ನೆ: ಅಳತೆ ಟೈಲು ಹಾಕೋಕೆ ಮುಂಚಿನದಾ, ಹಾಕಿದ ಮೇಲಿನದಾ? ಗಿಲಾವು, ಗಮ್ಮು, ಟೈಲು ಸೇರಿ ಒಂದೊಂದು ಗೋಡೆ ಒಳಕ್ಕೆ ಬರುತ್ತೆ. ಮನೆಯ ಕೊಳಕ್ಕೆ ಪರವಾಗಿಲ್ಲ. 50 ಮೀಟರಿನ ಸ್ಪರ್ಧೆಯ ಕೊಳದಲ್ಲಿ ಇದೇ ದೊಡ್ಡ ವಿಷಯ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಉದ್ದ ಕೆಲವು ಮಿಲಿಮೀಟರ್ ಹೆಚ್ಚಿರಬಹುದು, ಒಂದು ಮಿಲಿಮೀಟರೂ ಕಮ್ಮಿ ಇರೋ ಹಾಗಿಲ್ಲ. ಈಜುಗಾರರು ಮುಟ್ಟೋ ಟಚ್ ಪ್ಯಾಡ್ ಹಾಕಿದ್ರೆ ಪ್ಯಾಡಿಂದ ಪ್ಯಾಡಿಗೆ ಪೂರ್ತಿ 50 ಬರಬೇಕು. ಇದನ್ನ ಅಪ್ಪನಿಗೆ ಹೇಳಿದಾಗ, "ಹಂಗಾದ್ರೆ ಅವ್ರು ಮೇಸ್ತ್ರಿನ ಕೇಳೇ ಕಟ್ಟಿರ್ತಾರೆ" ಅಂದ್ರು.

ಈಗ ಕ್ವಾಂಟಿಟಿ ಸರ್ವೇಯಿಂಗ್ ಓದ್ತಿದೀನಿ. ಕಟ್ಟಡದ ಕೆಲಸಗಳನ್ನ ಹೇಗೆ ಅಳೀಬೇಕು ಅನ್ನೋದಕ್ಕೇ ಐಎಸ್ 1200 ಅಂತ ಒಂದು ಮಾನಕ ಇದೆ, ಅದರಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಭಾಗ. ಅದರ ಪ್ರಕಾರ ಗಿಲಾವಿನಲ್ಲಿ ಅರ್ಧ ಚದರ ಮೀಟರಿಗಿಂತ ಸಣ್ಣ ತೆರಪಿದ್ರೆ ಅದನ್ನ ಅಳತೆಯಿಂದ ಕಳೆಯಂಗಿಲ್ಲ. ಗಿಲಾವು ಬೀಳದ ಜಾಗಕ್ಕೂ ದುಡ್ಡು ಸಿಗುತ್ತೆ ಅಂತಲ್ಲ, ಆ ತೆರಪಿನ ಅಂಚು ತಿದ್ದೋ ಕೆಲಸಕ್ಕೆ ಬೇರೆ ದುಡ್ಡು ಇಲ್ಲ, ಅದಕ್ಕೆ ಇದು ಸರಿಹೋಯ್ತು ಅಂತ. ಕ್ಲಾಸಲ್ಲಿ ಇದನ್ನ ಕೇಳಿದಾಗ ನನಗೆ ನಾಲ್ಕು ಮೆಟ್ಟಿಲು ನೆನಪಾದ್ವು. ಯಾರೋ ಮೇಸ್ತ್ರಿಯ ಪಕ್ಕ ಕೂತು, ಕೇಳಿ ಬರೆದ ನಿಯಮ ಇದು ಅನ್ನಿಸ್ತು.

ಕೊಳಕ್ಕೆ ನೀರು ಬಿಟ್ಟ ದಿನ ನಾನೂ ಹೋಗಿದ್ದೆ. ಓನರ್ ನನ್ನನ್ನ ನೋಡಿ, ಲೆಕ್ಕ ಬರುತ್ತಂತಲ್ಲಮ್ಮ, ಇದು ತುಂಬೋಕೆ ಎಷ್ಟು ಟ್ಯಾಂಕರ್ ಬೇಕು, ಬೇಸಿಗೇಲಿ ದಿನಾ ಎಷ್ಟು ಆರಿಹೋಗುತ್ತೆ ಅಂದ್ರು. ತುಂಬೋಕೆ ಹತ್ತಿರ ಹತ್ತಿರ 1 ಲಕ್ಷ ಲೀಟರ್, 6,000 ಲೀಟರಿನ ಟ್ಯಾಂಕರ್ ಆದ್ರೆ 16, 17. ಆರಿಹೋಗೋದಕ್ಕೆ ಆಳದ ಲೆಕ್ಕ ಬೇಡ, ಬಿಸಿಲಿಗೆ ಮೈಯೊಡ್ಡೋದು ಮೇಲಿನ 72 ಚದರ ಮೀಟರ್ ಮಾತ್ರ. ದಿನಕ್ಕೆ 5 ಮಿಲಿಮೀಟರ್ ಇಳೀತು ಅಂತ ಇಟ್ಕೊಂಡ್ರೆ 360 ಲೀಟರ್. ಹೇಳಿ, ಅಭ್ಯಾಸ ಇಲ್ಲದ ಒಂದು ಮಾತು ಸೇರಿಸಿದೆ: "ಇಲ್ಲಿ ಗಾಳಿ ಹೇಗಿರುತ್ತೆ, ನೆರಳು ಎಷ್ಟು ಹೊತ್ತು ಇರುತ್ತೆ ಅಂತ ನಿಮಗೇ ಚೆನ್ನಾಗಿ ಗೊತ್ತಿರುತ್ತೆ ಸರ್, ಅದನ್ನೂ ನೋಡ್ಕೊಳ್ಳಿ." ಅಪ್ಪ ಪಕ್ಕದಲ್ಲೇ ಇದ್ರು.

ಅಂದ್ರೆ 72 ಅನ್ನೋ ಉತ್ತರವೂ ಎಲ್ಲೋ ಒಂದು ಕಡೆ ಸರಿ. ಬಿಸಿಲಿಗೆ 72, ಟೈಲಿಗೆ ಸುಮಾರು 127, ಆಳುಗಳಿಗೆ ಮೂರು ದಿನದ ನಾಲ್ಕು ಮೆಟ್ಟಿಲು.

ಸಂಜೆ ಹೊತ್ತಿಗೆ ನೀರು ದಾರದ ಗೆರೆ ಇದ್ದ ಜಾಗಕ್ಕೆ ಬಂದು ನಿಂತಿತು. ಅದರ ಮೇಲೆ ಸುತ್ತಲೂ ಅರ್ಧ ಅಡಿ ನೀಲಿ ಪಟ್ಟಿ ಒಣಗಿಕೊಂಡೇ ಇತ್ತು. ಅಲ್ಲಿ ಒಂದು ಸಾಲೂ ಓರೆ ಇರಲಿಲ್ಲ.

ಹೋದ ವಾರ ಇಂಟರ್ನಲ್ಸ್ ಮಧ್ಯೆ ಅಪ್ಪನಿಂದ ವಾಟ್ಸಾಪ್ ಬಂತು. ಹೊಸ ಕೊಳ, ಈ ಸಲ ಚೌಕ ಅಲ್ಲ, ಗೋಡಂಬಿ ಆಕಾರದ್ದು. ಸಿಂಪ್ಸನ್ಸ್ ರೂಲ್ ಹಾಕಬಹುದು ಅಂತ ಕೈ ತುರಿಸ್ತು. ಪಿಡಿಎಫ್ ಕೆಳಗೆ ಅಪ್ಪನ ವಾಯ್ಸ್ ಮೆಸೇಜ್ ಇತ್ತು.

"ಪರೀಕ್ಷೆ ಮುಗ್ದ ಮೇಲೆ ನೋಡು ಸಾಕು. ಮೂರು ಪುಟ ಐತೆ ಕಣವ್ವ. ಮೂರೂ ನೋಡು. ಆಮೇಲೆ ಫೋನ್ ಮಾಡು, ಇಬ್ರೂ ಕೂತು ಲೆಕ್ಕ ಹಾಕನ."